ಒಂದು ಹೆಸರು, ಒಂದು ಸಾಬೂನು, ಮೂರು ಊರು

ಮನೆತನದ ಹೆಸರುಗಳು ಕಸುಬಿನಿಂದ ಹುಟ್ಟುವುದು ನಮ್ಮಲ್ಲಿ ಹೊಸದೇನಲ್ಲ. ಪತ್ತಾರ, ಬಡಿಗೇರ, ಕಂಬಾರ ಎಂದೊಡನೆ ಆ ಮನೆಯ ಅಂಗಳದಲ್ಲಿ ಒಂದು ಕಾಲಕ್ಕೆ ಏನು ಸದ್ದು ಕೇಳುತ್ತಿತ್ತೆಂದು ಹೇಳಿಬಿಡಬಹುದು. ಅತ್ತಾರ, ಬಾಗವಾನ, ನದಾಫ ಎಂಬ ಹೆಸರುಗಳೂ ಹಾಗೆಯೇ. ಒಂದರಲ್ಲಿ ಅತ್ತರಿನ ವಾಸನೆಯಿದೆ, ಇನ್ನೊಂದರಲ್ಲಿ ಹಣ್ಣಿನ ಬುಟ್ಟಿಯಿದೆ, ಮತ್ತೊಂದರಲ್ಲಿ ಹತ್ತಿ ಹಿಂಜಿದ ಧೂಳಿದೆ. ಇಂಗ್ಲಿಷರಲ್ಲೂ ಈ ಪದ್ಧತಿ ಉಂಟು. ಸ್ಮಿತ್ ಎಂದರೆ ಕಮ್ಮಾರ, ಬೇಕರ್ ಎಂದರೆ ರೊಟ್ಟಿ ಸುಡುವವನು. ಸೋಪರ್ ಎಂಬ ಮನೆತನದ ಹೆಸರೂ ಅವರಲ್ಲಿದೆ. ಮಧ್ಯಯುಗದಲ್ಲಿ ಸಾಬೂನು ಬೇಯಿಸುತ್ತಿದ್ದವರಿಗೆ ಬಂದ ಹೆಸರು ಅದು. ಆದರೆ ಲೋಕದ ಬಚ್ಚಲುಮನೆಗಳಿಗೆ ಸಾಬೂನಿನ ಜೊತೆಗೆ ಹೊಕ್ಕ ಹೆಸರು ಸೋಪರ್ ಅಲ್ಲ, ಲೀವರ್.

ಲೀವರ್ ಎಂಬ ಪದಕ್ಕೂ ಸಾಬೂನಿಗೂ ಹುಟ್ಟಿನ ನಂಟಿಲ್ಲ. ಭಾರ ಎತ್ತುವ ಸನ್ನೆಗೋಲಿಗೆ ಇಂಗ್ಲಿಷಿನಲ್ಲಿ ಇದೇ ಅಕ್ಷರಗಳ ಹೆಸರಿದ್ದರೂ ಈ ಮನೆತನದ ಹೆಸರು ಅಲ್ಲಿಂದ ಬಂದದ್ದಲ್ಲ. ಇಂಗ್ಲೆಂಡಿನ ವಾಯವ್ಯ ಭಾಗದ ಲ್ಯಾಂಕಷೈರ್ ಪ್ರಾಂತದಲ್ಲಿ, ಬೋಲ್ಟನ್ ಪಟ್ಟಣದ ಸುತ್ತ ಗ್ರೇಟ್ ಲೀವರ್, ಲಿಟ್ಲ್ ಲೀವರ್, ಡಾರ್ಸಿ ಲೀವರ್ ಎಂಬ ಊರುಗಳಿವೆ. ಜೌಗು ನೆಲದಲ್ಲಿ ಬೆಳೆಯುವ ಜೊಂಡುಹುಲ್ಲಿಗೆ ಹಳೆಯ ಇಂಗ್ಲಿಷಿನಲ್ಲಿದ್ದ ಹೆಸರು ಊರಿಗೆ ಬಂತು, ಊರಿನ ಹೆಸರು ಅಲ್ಲಿಂದ ಹೊರಟ ಮನೆತನಗಳಿಗೆ ಅಂಟಿಕೊಂಡಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಲೀವರ್ ಎಂದರೆ ಜೊಂಡಿನ ಊರಿನವರು.

ಈ ಜೊಂಡಿನ ಊರಿನವರ ಹೆಸರು ಮುಂದೆ ಆಫ್ರಿಕದ ಕಾಂಗೋ ಕಾಡಿನ ಒಂದು ಪಟ್ಟಣಕ್ಕೆ ಬಿತ್ತು. ಸ್ಕಾಟ್ಲೆಂಡಿನ ಪಶ್ಚಿಮದ ದ್ವೀಪವೊಂದರ ಬಂದರಿಗೆ ಬಿತ್ತು. ‘ಹಿಂದೂಸ್ತಾನ್’ ಎಂಬ ಪದದ ಬೆನ್ನಿಗೆ ಅಂಟಿಕೊಂಡು ನಮ್ಮ ಕಿರಾಣಿ ಅಂಗಡಿಗಳ ಕಪಾಟಿಗೂ ಬಂತು. ಒಂದು ಹೆಸರು ಇಷ್ಟು ದೂರ ನಡೆಯಬೇಕಾದರೆ ಅದನ್ನು ಯಾರೋ ಹೊತ್ತಿರಲೇಬೇಕು. ಹೊತ್ತವರು ಯಾರು, ಹೊರಲಾರೆ ಎನ್ನುವ ಹಕ್ಕು ಅವರಲ್ಲಿ ಯಾರಿಗಿತ್ತು, ಯಾರಿಗಿರಲಿಲ್ಲ ಎಂದು ಕೇಳುತ್ತಾ ಹೋದರೆ ಒಂದು ಮನೆತನದ ವ್ಯಾಪಾರದ ಕತೆ ನಮ್ಮೆಲ್ಲರ ಕತೆಯಾಗಿ ಬೆಳೆಯುತ್ತದೆ.

ಬೋಲ್ಟನ್ನಿನಲ್ಲಿ ಜೇಮ್ಸ್ ಲೀವರ್ ಎಂಬ ದಿನಸಿ ವ್ಯಾಪಾರಿ ಇದ್ದ. ಹೆಂಡತಿ ಎಲೈಜಾ ಹೆಸ್ಕೆತ್. ಸಾಲಾಗಿ ಆರು ಹೆಣ್ಣುಮಕ್ಕಳಾದ ಮೇಲೆ 1851ರ ಸೆಪ್ಟೆಂಬರ್ 19ರಂದು ಗಂಡು ಹುಟ್ಟಿತು. ಅವನೇ ವಿಲಿಯಂ ಹೆಸ್ಕೆತ್ ಲೀವರ್. ಚರ್ಚಿನ ಅಧಿಕೃತ ವ್ಯವಸ್ಥೆಯಿಂದ ದೂರ ನಿಂತ ಕಾಂಗ್ರಿಗೇಷನಲ್ ಪಂಥದ ಮನೆ ಅದು. ಹೆಂಡ, ಹೊಗೆಸೊಪ್ಪು ಎರಡೂ ಹೊಸಿಲು ದಾಟುವಂತಿರಲಿಲ್ಲ. ದುಡಿಮೆಯೇ ಭಕ್ತಿ, ಹಿಸಾಬು ಚೊಕ್ಕವಾಗಿರುವುದೇ ನೀತಿ ಎಂಬ ವಾತಾವರಣದಲ್ಲಿ ಹುಡುಗ ಬೆಳೆದ. 1867ರಲ್ಲಿ ಓದು ಬಿಡಿಸಿ ತಂದೆ ಅಂಗಡಿಗೆ ಹಾಕಿಕೊಂಡ.

ಅಂಗಡಿಯಲ್ಲಿ ಅವನಿಗೆ ಸಿಕ್ಕ ಮೊದಲ ಕೆಲಸಗಳಲ್ಲಿ ಒಂದು ಸಾಬೂನು ಕತ್ತರಿಸುವುದು. ಆಗ ಸಾಬೂನು ಈಗಿನಂತೆ ಬಿಲ್ಲೆಯಾಗಿ ಬರುತ್ತಿರಲಿಲ್ಲ. ಕಾರ್ಖಾನೆಯಿಂದ ಉದ್ದನೆಯ ದಿಮ್ಮಿಗಳು ಬರುತ್ತಿದ್ದವು. ಗಿರಾಕಿ ಕೇಳಿದಷ್ಟು ಕತ್ತರಿಸಿ, ತೂಗಿ, ಕಾಗದದಲ್ಲಿ ಸುತ್ತಿ ಕೊಡಬೇಕು. ಅದಕ್ಕೆ ಹೆಸರಿಲ್ಲ, ಊರಿಲ್ಲ. ಮಾಡಿದವರು ಯಾರೆಂದು ಕೊಳ್ಳುವವಳಿಗೆ ತಿಳಿಯದು. ಅಂಗಡಿಕಾರನ ಮಾತನ್ನು ನಂಬಿ ಒಯ್ಯಬೇಕು, ಅಷ್ಟೆ. ಹುಡುಗ ಈ ಹೆಸರಿಲ್ಲದ ಸರಕನ್ನು ನೋಡುತ್ತಲೇ ದೊಡ್ಡವನಾದ.

ಸಾಬೂನಿಗೆ ಆ ಕಾಲ ಒದಗಿಬಂದದ್ದೂ ಹಾಗೆಯೇ. ಇಂಗ್ಲೆಂಡಿನಲ್ಲಿ 1712ರಿಂದ ಸಾಬೂನಿನ ಮೇಲೆ ಸುಂಕವಿತ್ತು. 1853ರಲ್ಲಿ ಹಣಕಾಸು ಮಂತ್ರಿಯಾಗಿದ್ದ ಗ್ಲಾಡ್‌ಸ್ಟನ್ ಅದನ್ನು ತೆಗೆದುಹಾಕಿದ ಮೇಲೆ ಬಡವರ ಮನೆಗೂ ಸಾಬೂನು ಎಟುಕಿತು. ಹತ್ತಿ ಗಿರಣಿಗಳ ಹೊಗೆ, ಕಲ್ಲಿದ್ದಲ ಮಸಿ ಮೆತ್ತಿದ ಪಟ್ಟಣಗಳಲ್ಲಿ ಒಗೆಯುವ ಕೆಲಸಕ್ಕೆ ಕೊನೆಯೇ ಇರಲಿಲ್ಲ. ಸಾಬೂನು ಮಾಡುವ ವಿದ್ಯೆ ಹೊಸದಲ್ಲ. ಕೊಬ್ಬು ಅಥವಾ ಎಣ್ಣೆಯನ್ನು ಕ್ಷಾರದ ಜೊತೆ ಕುದಿಸಿದರೆ ಸಾಬೂನು. ಅಲೆಪ್ಪೊ, ನಾಬ್ಲುಸ್ ಪಟ್ಟಣಗಳ ಕುಶಲಿಗಳು ಆಲಿವ್ ಎಣ್ಣೆಯಿಂದ ಅದನ್ನು ಶತಮಾನಗಳಿಂದ ಮಾಡುತ್ತಲೇ ಬಂದಿದ್ದರು. ಅರಬ್ಬಿಯ ‘ಸಾಬೂನ್’ ಉರ್ದುವಿನಲ್ಲೂ ಕನ್ನಡದಲ್ಲೂ ಇಂದಿಗೂ ನಮ್ಮ ನಾಲಿಗೆಯ ಮೇಲಿದೆ. ಆದರೆ ಲ್ಯಾಂಕಷೈರಿನ ಸುತ್ತಮುತ್ತ ಮೂರು ವಸ್ತುಗಳು ಒಂದೆಡೆ ಸೇರಿದ್ದವು: ನೆಲದಡಿಯ ಕಲ್ಲಿದ್ದಲು, ಪಕ್ಕದ ಚೆಷೈರ್ ಪ್ರಾಂತದ ಉಪ್ಪಿನಿಂದ ತೆಗೆದ ಕ್ಷಾರ, ಲಿವರ್‌ಪೂಲ್ ಬಂದರಿಗೆ ಬಂದಿಳಿಯುವ ಎಣ್ಣೆ.

ಆ ಎಣ್ಣೆಯ ಬಗ್ಗೆ ಇಲ್ಲೇ ಒಂದು ಮಾತು ಹೇಳಬೇಕು. ಲಿವರ್‌ಪೂಲ್ ಒಂದು ಕಾಲಕ್ಕೆ ಗುಲಾಮರ ವ್ಯಾಪಾರದ ದೊಡ್ಡ ಬಂದರು. 1807ರಲ್ಲಿ ಬ್ರಿಟಿಷ್ ಸಂಸತ್ತು ಆ ವ್ಯಾಪಾರವನ್ನು ನಿಷೇಧಿಸಿತು. ಪಶ್ಚಿಮ ಆಫ್ರಿಕದ ಕರಾವಳಿಯ ಗುರುತು ಪರಿಚಯ ಇದ್ದ ವ್ಯಾಪಾರಿಗಳು ಅದೇ ಕರಾವಳಿಗೆ ಮತ್ತೆ ಹಡಗು ಕಳಿಸಿದರು, ಈ ಸಲ ತಾಳೆ ಎಣ್ಣೆಗಾಗಿ. ಮನುಷ್ಯರನ್ನು ತುಂಬುತ್ತಿದ್ದ ದಾರಿಯಲ್ಲಿ ಪೀಪಾಯಿಗಳು ಬರತೊಡಗಿದವು. ಬಿಳಿ ನೊರೆಯ ಹಿಂದೆ ಆಫ್ರಿಕದ ಕೆಂಪು ಎಣ್ಣೆ ಇತ್ತೆಂಬುದನ್ನು ನೆನಪಿಟ್ಟುಕೊಂಡರೆ ಮುಂದಿನ ಕತೆ ಅರ್ಥವಾಗುತ್ತದೆ.

ವಿಲಿಯಂ 1872ರಲ್ಲಿ ತಂದೆಯ ಪಾಲುದಾರನಾದ. 1874ರಲ್ಲಿ ಎಲಿಜಬೆತ್ ಎಲೆನ್ ಹ್ಯೂಮ್ ಎಂಬ ಬಾಲ್ಯದ ಗೆಳತಿಯನ್ನು ಮದುವೆಯಾದ. ದಿನಸಿ ವ್ಯಾಪಾರ ಚೆನ್ನಾಗಿಯೇ ನಡೆಯಿತು. ಮೂವತ್ಮೂರನೆಯ ವಯಸ್ಸಿಗೆ ಅವನು ಬೇರೆ ಯೋಚನೆ ಮಾಡಿದ. 1884ರಲ್ಲಿ ‘ಸನ್‌ಲೈಟ್’ ಎಂಬ ಹೆಸರನ್ನು ನೋಂದಾಯಿಸಿದ. ಗಮನಿಸಿ, ಆಗಿನ್ನೂ ಅವನಿಗೆ ಕಾರ್ಖಾನೆ ಇರಲಿಲ್ಲ. ಮೊದಲು ಹುಟ್ಟಿದ್ದು ಹೆಸರು, ಆಮೇಲೆ ಸಾಬೂನು. 1885ರಲ್ಲಿ ತಮ್ಮ ಜೇಮ್ಸ್ ಡಾರ್ಸಿ ಲೀವರ್‌ನನ್ನು ಜೊತೆಗೆ ಸೇರಿಸಿಕೊಂಡು ವಾರಿಂಗ್ಟನ್ನಿನಲ್ಲಿ ಕುಂಟುತ್ತಿದ್ದ ಒಂದು ಸಾಬೂನು ಕಾರ್ಖಾನೆಯನ್ನು ಗೇಣಿಗೆ ಹಿಡಿದ. ‘ಲೀವರ್ ಬ್ರದರ್ಸ್’ ಎಂಬ ಹೆಸರಿನಲ್ಲಿರುವ ಎರಡನೆಯ ಸಹೋದರ ಇವನೇ. ಅವನ ಆರೋಗ್ಯ ಬೇಗನೆ ಕೆಟ್ಟಿತು, 1910ರಲ್ಲಿ ತೀರಿಕೊಂಡ. ವ್ಯಾಪಾರ ಎಂದಿಗೂ ಅಣ್ಣನ ಕೈಯಲ್ಲೇ ಇತ್ತು.

ಸನ್‌ಲೈಟ್ ಸಾಬೂನಿನಲ್ಲಿ ಪ್ರಾಣಿಕೊಬ್ಬು ಸುಮಾರು ಕಾಲು ಪಾಲು ಮಾತ್ರ. ಉಳಿದದ್ದು ಕೊಬ್ಬರಿ ಅಥವಾ ತಾಳೆಬೀಜದ ಎಣ್ಣೆ, ಹತ್ತಿಬೀಜದ ಎಣ್ಣೆ ಮತ್ತು ಒಂದಿಷ್ಟು ರಾಳ. ನೊರೆ ಚೆನ್ನಾಗಿ ಬರುತ್ತಿತ್ತು, ಕೈಗೆ ಒರಟಾಗುತ್ತಿರಲಿಲ್ಲ. ದಿಮ್ಮಿಯನ್ನು ಕತ್ತರಿಸಿ ಬೇಸತ್ತಿದ್ದ ಹುಡುಗ ಈಗ ಕಾರ್ಖಾನೆಯಲ್ಲೇ ಒಂದೇ ಅಳತೆಯ ಬಿಲ್ಲೆ ಮಾಡಿಸಿ, ಹೆಸರು ಒತ್ತಿ, ಕಾಗದ ಸುತ್ತಿ, ಡಬ್ಬಿಯಲ್ಲಿಟ್ಟು ಕಳಿಸಿದ. ಶುದ್ಧವಲ್ಲವೆಂದು ತೋರಿಸಿದರೆ ಸಾವಿರ ಪೌಂಡು ಕೊಡುತ್ತೇನೆಂದು ಜಾಹೀರಾತು ಹಾಕಿದ. ವಾರಕ್ಕೆ 20 ಟನ್ನಿನಿಂದ ಶುರುವಾದ ತಯಾರಿಕೆ 1887ರ ಕೊನೆಗೆ 450 ಟನ್ನಿಗೆ ಏರಿತು. ಫ್ರಿತ್ ಎಂಬ ಹೆಸರಾಂತ ಕಲಾವಿದ ಬಿಡಿಸಿದ ಹೊಸ ಅಂಗಿ ತೊಟ್ಟ ಪುಟ್ಟ ಹುಡುಗಿಯ ಚಿತ್ರವನ್ನು 1889ರಲ್ಲಿ ಕೊಂಡು ಸನ್‌ಲೈಟಿನ ಜಾಹೀರಾತಿಗೆ ಬಳಸಿದ. ಕಲಾವಿದನಿಗೆ ಸಿಟ್ಟು ಬಂತು, ಸಾಬೂನು ಮಾತ್ರ ಮಾರಿತು.

ವಾರಿಂಗ್ಟನ್ ಸಾಲದಾಯಿತು. ಲಿವರ್‌ಪೂಲಿನ ಎದುರು ದಡದಲ್ಲಿ, ಮರ್ಸಿ ನದಿಯ ಆಚೆಗಿನ ಜೌಗು ನೆಲದಲ್ಲಿ 56 ಎಕರೆ ಕೊಂಡ. 1888ರ ಮಾರ್ಚ್ 3ರಂದು ಹೆಂಡತಿಯ ಕೈಯಿಂದ ಮೊದಲ ಗುದ್ದಲಿ ಹಾಕಿಸಿದ. ಆ ಜಾಗಕ್ಕೆ ಪೋರ್ಟ್ ಸನ್‌ಲೈಟ್ ಎಂದು ಹೆಸರಿಟ್ಟ. ಬಹುಶಃ ಲೋಕದಲ್ಲಿ ಸಾಬೂನಿನ ಹೆಸರು ಹೊತ್ತ ಮೊದಲ ಊರು. ಅಲ್ಲಿ ಕಾರ್ಖಾನೆಯ ಜೊತೆಗೆ ಕೆಲಸಗಾರರಿಗೆ ಮನೆಗಳೂ ಎದ್ದವು. ಕೊಳಚೆಯಲ್ಲಿ ಎಂಟು ಹತ್ತು ಜನ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಕಾಲದಲ್ಲಿ ಇಲ್ಲಿ ಪ್ರತಿ ಸಂಸಾರಕ್ಕೂ ಗಾಳಿ ಬೆಳಕಿನ ಮನೆ, ಮುಂದೆ ಹಸಿರು, ಮಕ್ಕಳಿಗೆ ಶಾಲೆ, ಚರ್ಚು, ಆಸ್ಪತ್ರೆ, ಸಭಾಭವನ. ಸುಮಾರು 30 ವಾಸ್ತುಶಿಲ್ಪಿಗಳು ಸೇರಿ ಒಂದು ಮನೆಯಂತೆ ಇನ್ನೊಂದಿರದ ಹಾಗೆ ಕಟ್ಟಿದರು. 1922ರಲ್ಲಿ ತೆರೆದ ಲೇಡಿ ಲೀವರ್ ಚಿತ್ರಶಾಲೆ ಅಲ್ಲಿ ಇಂದಿಗೂ ಇದೆ. ಸುಮಾರು 900 ಮನೆಗಳ ಆ ಊರು ಇಂದಿಗೂ ಕಣ್ಣಿಗೆ ತಂಪು.

ಇದು ಬರೀ ತೋರಿಕೆಯ ಧರ್ಮವಾಗಿರಲಿಲ್ಲ. 1906ರಲ್ಲಿ ಲಿಬರಲ್ ಪಕ್ಷದಿಂದ ಸಂಸತ್ತಿಗೆ ಹೋದ ಲೀವರ್ 1907ರಲ್ಲಿ ವೃದ್ಧಾಪ್ಯ ವೇತನದ ಖಾಸಗಿ ಮಸೂದೆಯನ್ನು ಮಂಡಿಸಿದ. ದಿನಕ್ಕೆ ಆರೇ ಗಂಟೆ ಕೆಲಸ ಸಾಕೆಂದು ವಾದಿಸಿ 1918ರಲ್ಲಿ ಪುಸ್ತಕವನ್ನೇ ಹೊರತಂದ. ನೂರು ವರ್ಷಗಳ ನಂತರವೂ ನಮ್ಮ ಮಾಲೀಕರು ದುಡಿಮೆಯ ಗಂಟೆ ಹೆಚ್ಚಿಸುವ ಮಾತಾಡುವುದನ್ನು ಕೇಳುತ್ತಿರುವ ನಾವು ಆ ಮನುಷ್ಯನ ಈ ಮುಖವನ್ನು ಮರೆಮಾಚಬಾರದು.

ಆದರೆ ಅವನ ದಾನಕ್ಕೆ ಒಂದು ಪದ್ಧತಿಯಿತ್ತು. ಲಾಭದಲ್ಲಿ ಪಾಲು ಎಂದು ಕೆಲಸಗಾರರ ಕೈಗೆ ನಗದು ಕೊಡಲು ಆತ ಒಪ್ಪಲಿಲ್ಲ. ಕೊಟ್ಟರೆ ವಿಸ್ಕಿಗೆ, ಮಿಠಾಯಿಗೆ, ಕ್ರಿಸ್‌ಮಸ್ಸಿನ ಬಾತುಕೋಳಿಗೆ ಹೋಗುತ್ತದೆ. ನನ್ನಲ್ಲೇ ಬಿಟ್ಟರೆ ಒಳ್ಳೆಯ ಮನೆ, ಒಳ್ಳೆಯ ಬದುಕು ಕಟ್ಟಿಕೊಡುತ್ತೇನೆ ಎಂಬುದು ಅವನ ವಾದ. ಮನೆ ಕೆಲಸಕ್ಕೆ ಅಂಟಿಕೊಂಡಿತ್ತು. ಕೆಲಸ ಹೋದರೆ ಮನೆಯೂ ಹೋಯಿತು. ಮುಂದಿನ ಅಂಗಳದ ಹೂವಿನ ಪಾತಿಯನ್ನೂ ಕಂಪನಿಯೇ ನೋಡಿಕೊಳ್ಳುತ್ತಿತ್ತು, ಊರಿನ ಅಂದ ಕೆಡಬಾರದಲ್ಲ. ಸ್ವತಂತ್ರ ಮನಸ್ಸಿನ ಮನುಷ್ಯ ಈ ಊರಿನ ಗಾಳಿಯಲ್ಲಿ ಬಹಳ ದಿನ ಉಸಿರಾಡಲಾರ ಎಂದು 1919ರಲ್ಲಿ ಬೋಲ್ಟನ್ನಿನ ಕಾರ್ಮಿಕ ಸಂಘದ ಕಾರ್ಯದರ್ಶಿಯೊಬ್ಬ ಅವನಿಗೇ ಬರೆದ. ನನಗೆ ನಿನ್ನ ಒಳಿತು ನಿನಗಿಂತ ಚೆನ್ನಾಗಿ ಗೊತ್ತು ಎನ್ನುವ ಔದಾರ್ಯ ಅದು. ಸಾಕಿದವರು ಇಂಥ ಮಾತಾಡುವುದನ್ನು ನಾವೂ ಬಲ್ಲೆವು.

ಆದರೂ ಪೋರ್ಟ್ ಸನ್‌ಲೈಟಿನ ಜನ ಬಾಯಿಲ್ಲದವರಾಗಿರಲಿಲ್ಲ. ಅಲ್ಲಿ 1900ರಲ್ಲಿ ಹೆಂಡವಿಲ್ಲದ ಒಂದು ವಸತಿಗೃಹ ತೆರೆಯಿತು. ಹೆಂಡ ಬೇಕೆಂದು ಜನ ಕೇಳಿದರು. ಹೆಂಡವನ್ನು ಒಲ್ಲದ ಲೀವರ್ ಊರಿನ ಮತಕ್ಕೆ ಹಾಕಿದ, ಹೆಂಗಸರಿಗೂ ಮತ ಕೊಟ್ಟ. ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಬೇಕೆಂದರು. ಅವನು ತಲೆಬಾಗಿದ. ಪತ್ರಿಕೆಗಳೂ ಅವನೆದುರು ನಿಲ್ಲಬಲ್ಲವಾಗಿದ್ದವು. 1906ರಲ್ಲಿ ಕಚ್ಚಾವಸ್ತು ದುಬಾರಿಯಾದಾಗ ಅವನು ಬೆಲೆ ಏರಿಸದೆ ಬಿಲ್ಲೆಯ ತೂಕವನ್ನು 16 ಔನ್ಸಿನಿಂದ 15ಕ್ಕೆ ಇಳಿಸಿದ, ಬೇರೆ ಸಾಬೂನು ಕಂಪನಿಗಳೊಂದಿಗೆ ಕೂಟ ಕಟ್ಟಲು ಹೊರಟ. ‘ಡೈಲಿ ಮೇಲ್’ ಪತ್ರಿಕೆ ಅವನ ಮೇಲೆ ಮುಗಿಬಿತ್ತು. ಮಾರಾಟ ಬಿದ್ದುಹೋಯಿತು, ಕೂಟದ ಯೋಜನೆ ಮುರಿಯಿತು. ಪತ್ರಿಕೆ ಮಿತಿ ಮೀರಿತ್ತೆಂಬುದೂ ನಿಜ. ಅವನು ಹೂಡಿದ ಮಾನನಷ್ಟ ದಾವೆಯಲ್ಲಿ 1907ರಲ್ಲಿ ಅದು 50,000 ಪೌಂಡು ಕೊಟ್ಟು ರಾಜಿಯಾಗಬೇಕಾಯಿತು. ಆ ಹಣದಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ ದತ್ತಿ ಹೋಯಿತು. ಕೂಟ ಮುರಿದರೂ ಎದುರಾಳಿ ಮನೆತನಗಳು ಒಂದೊಂದಾಗಿ ಅವನ ಮಡಿಲಿಗೇ ಬಿದ್ದವು: ಹಡ್ಸನ್, ಪೇರ್ಸ್, ಕ್ರಾಸ್‌ಫೀಲ್ಡ್, ಗಾಸೇಜ್. ಇವೂ ಒಂದು ಕಾಲದ ಮನೆತನದ ಹೆಸರುಗಳೇ.

ಎರಡನೆಯ ಊರಿನ ಕತೆ ಅಟ್ಲಾಂಟಿಕ್ ಸಮುದ್ರದ ಗಾಳಿಯದು. 1917ರಲ್ಲಿ ಅವನಿಗೆ ಲಾರ್ಡ್ ಪದವಿ ಬಂತು. ಹೆಂಡತಿ ಎಲಿಜಬೆತ್ 1913ರಲ್ಲೇ ತೀರಿಕೊಂಡಿದ್ದಳು. ಆಕೆಯ ತವರಿನ ಹೆಸರಾದ ಹ್ಯೂಮ್ ಅನ್ನು ತನ್ನ ಹೆಸರಿಗೆ ಜೋಡಿಸಿ ‘ಲೀವರ್‌ಹ್ಯೂಮ್’ ಎಂಬ ಬಿರುದನ್ನು ಆರಿಸಿಕೊಂಡ. ಆ ವ್ಯಾಪಾರಿಯ ಬದುಕಿನಲ್ಲಿ ಬಹುಶಃ ಇದಕ್ಕಿಂತ ಮೃದುವಾದ ಸಂಗತಿ ಇನ್ನೊಂದಿಲ್ಲ. 1918ರಲ್ಲಿ ಅವನು ಸ್ಕಾಟ್ಲೆಂಡಿನ ಪಶ್ಚಿಮದ ಲೂಯಿಸ್ ದ್ವೀಪವನ್ನೂ ಮರುವರ್ಷ ಪಕ್ಕದ ಹ್ಯಾರಿಸನ್ನೂ ಕೊಂಡ. ಸುಮಾರು 30,000 ಜನ ಗೇಲಿಕ್ ಮಾತಾಡುತ್ತಾ, ಸಣ್ಣ ಹಿಡುವಳಿ ಮಾಡುತ್ತಾ, ಮೀನು ಹಿಡಿಯುತ್ತಾ ಬದುಕಿದ್ದ ದ್ವೀಪ ಲೂಯಿಸ್. ಅಲ್ಲಿ ಮೀನಿನ ದೊಡ್ಡ ಉದ್ಯಮ ಕಟ್ಟುತ್ತೇನೆ, ಸಂಬಳ ಕೊಡುತ್ತೇನೆ, ರಸ್ತೆ, ಬಂದರು, ಕಾರ್ಖಾನೆ ಎಲ್ಲವನ್ನೂ ಮಾಡುತ್ತೇನೆ ಎಂದ. ಬ್ರಿಟನ್ನಿನ ಪಟ್ಟಣಗಳಲ್ಲಿ ಮೀನು ಮಾರಲು ಅಂಗಡಿಗಳ ಸರಪಳಿಯನ್ನೇ ಹುಟ್ಟುಹಾಕಿದ.

ದ್ವೀಪದವರಿಗೆ ಬೇಕಾಗಿದ್ದದ್ದು ಬೇರೆ. ಮೊದಲ ಮಹಾಯುದ್ಧಕ್ಕೆ ಹೋಗುವಾಗ ಮರಳಿ ಬಂದರೆ ನೆಲ ಕೊಡುತ್ತೇವೆಂದು ಅವರಿಗೆ ಮಾತು ಕೊಡಲಾಗಿತ್ತು. 1919ರ ಹೊಸ ವರ್ಷದ ಬೆಳಗಿನ ಜಾವ ಯುದ್ಧ ಮುಗಿಸಿ ಬರುತ್ತಿದ್ದವರ ಹಡಗು ಊರಿನ ದೀಪ ಕಾಣುವಷ್ಟು ಹತ್ತಿರದಲ್ಲಿ ಬಂಡೆಗೆ ಬಡಿದು 201 ಜನ ಮುಳುಗಿ ಸತ್ತರು. ಉಳಿದವರು ನೆಲ ಕೇಳಿದರು. ಲೀವರ್‌ಹ್ಯೂಮ್ ಅವರ ಸಭೆಗೆ ಹೋಗಿ ಚಂದದ ಭವಿಷ್ಯವನ್ನು ಬಣ್ಣಿಸಿದ. ಅವರು ಮರ್ಯಾದೆಯಿಂದಲೇ ಕೇಳಿಸಿಕೊಂಡು, ನಿಮ್ಮ ಸಂಬಳ ಬೇಡ, ನಮ್ಮ ನೆಲ ಕೊಡಿ ಎಂದರು. ಕೆಲವರು ಜಮೀನಿಗೆ ನುಗ್ಗಿ ಗುರುತು ಹಾಕಿಕೊಂಡರು. ಅವನು ಕೆಲಸ ನಿಲ್ಲಿಸಿ ಬೆದರಿಸಿದ, ಅವರು ಜಗ್ಗಲಿಲ್ಲ. ಕೊನೆಗೆ 1923ರಲ್ಲಿ ದ್ವೀಪವನ್ನು ಜನರಿಗೇ ದಾನ ಕೊಡುತ್ತೇನೆಂದು ಹೇಳಿ ಹೊರಟುಬಿಟ್ಟ. ಸ್ಟಾರ್ನೋವೇ ಪಟ್ಟಣದ ಭಾಗವನ್ನು ಜನ ಒಪ್ಪಿಕೊಂಡರು. ಅದನ್ನು ನೋಡಿಕೊಳ್ಳುವ ಟ್ರಸ್ಟು ಈಗಲೂ ಇದೆ. ಹ್ಯಾರಿಸಿನಲ್ಲಿ ಒಬ್ ಎಂಬ ಹಳ್ಳಿಗೆ ‘ಲೀವರ್‌ಬರ್ಗ್’ ಎಂದು ತನ್ನ ಹೆಸರಿಟ್ಟು ಬಂದರು ಕಟ್ಟಿಸತೊಡಗಿದ. ಅವನು ಸತ್ತ ಮೇಲೆ ಆ ಕೆಲಸವೂ ನಿಂತಿತು, ಹೆಸರು ಮಾತ್ರ ಉಳಿಯಿತು.

ಮೂರನೆಯ ಊರು ಕಾಂಗೋದಲ್ಲಿದೆ. ಸಾಬೂನಿಗೆ ಎಣ್ಣೆ ಬೇಕು, ಎಣ್ಣೆಯ ಬೆಲೆ ತನ್ನ ಕೈಯಲ್ಲಿರಬೇಕು ಎಂಬುದು ಅವನ ಹಂಬಲ. ಬ್ರಿಟಿಷರ ಆಳ್ವಿಕೆಯ ಪಶ್ಚಿಮ ಆಫ್ರಿಕದಲ್ಲಿ ದೊಡ್ಡ ದೊಡ್ಡ ತೋಟಗಳಿಗೆ ನೆಲ ಕೇಳಿದ. ತಾಳೆಯನ್ನು ಅಲ್ಲಿನ ರೈತರು ತಮ್ಮ ನೆಲದಲ್ಲಿ ತಾವೇ ಬೆಳೆದು ಮಾರುತ್ತಿದ್ದರು. ಅದನ್ನು ಕಿತ್ತು ಕಂಪನಿಗೆ ಕೊಡಲು ಬ್ರಿಟಿಷ್ ವಸಾಹತು ಕಚೇರಿ ಒಪ್ಪಲಿಲ್ಲ. ನೈಜೀರಿಯದ ಗವರ್ನರ್ ಹ್ಯೂ ಕ್ಲಿಫರ್ಡ್ ಈ ಬೇಡಿಕೆಯನ್ನು ಗಟ್ಟಿಯಾಗಿ ವಿರೋಧಿಸಿದವರಲ್ಲಿ ಒಬ್ಬ. ಅಲ್ಲಿ ಬಾಗಿಲು ಮುಚ್ಚಿತು. ಬೆಲ್ಜಿಯಂ ಬಾಗಿಲು ತೆರೆಯಿತು.

ರಬ್ಬರಿಗಾಗಿ ಜನರ ಕೈ ಕಡಿಸಿದನೆಂಬ ಕುಖ್ಯಾತಿಯ ರಾಜ ಎರಡನೆಯ ಲಿಯೋಪೋಲ್ಡ್‌ನ ಖಾಸಗಿ ಆಸ್ತಿಯಾಗಿದ್ದ ಕಾಂಗೋ 1908ರಲ್ಲಿ ಬೆಲ್ಜಿಯಂ ಸರ್ಕಾರದ ವಶಕ್ಕೆ ಬಂದಿತ್ತು. ಹೊಸ ಮುಖ ತೋರಿಸಲು ಸರ್ಕಾರಕ್ಕೆ ಒಬ್ಬ ಮಾನವಂತ ವ್ಯಾಪಾರಿ ಬೇಕಿದ್ದ. ಪೋರ್ಟ್ ಸನ್‌ಲೈಟ್ ಕಟ್ಟಿದವನಿಗಿಂತ ಒಳ್ಳೆಯವರು ಯಾರು? 1911ರ ಏಪ್ರಿಲ್ 14ರಂದು ಕರಾರು ಆಯಿತು. 60 ಕಿಲೋಮೀಟರ್ ತ್ರಿಜ್ಯದ ಐದು ವೃತ್ತಗಳನ್ನು ನಕ್ಷೆಯ ಮೇಲೆ ಎಳೆದು, ಅವುಗಳ ಒಳಗೆ 7,50,000 ಹೆಕ್ಟೇರ್‌ವರೆಗೆ ತಾಳೆಯ ಕಾಡನ್ನು ಕಂಪನಿ ಆಯ್ದುಕೊಳ್ಳಬಹುದೆಂದು ಬರೆಯಲಾಯಿತು. ಅದಕ್ಕೆ ಬದಲಾಗಿ ಕನಿಷ್ಠ ಕೂಲಿ, ಶಾಲೆ, ಆಸ್ಪತ್ರೆಗಳ ಭರವಸೆಯೂ ಕರಾರಿನಲ್ಲಿತ್ತು. ಆ ವೃತ್ತಗಳ ಒಳಗೆ ಜನ ವಾಸವಾಗಿದ್ದರು. ಅವರನ್ನು ಯಾರೂ ಕೇಳಲಿಲ್ಲ. ಕ್ವಿಲು ನದಿಯ ದಂಡೆಯಲ್ಲಿದ್ದ ಲುಸಾಂಗಾ ‘ಲೀವರ್‌ವಿಲ್’ ಆಯಿತು. ಕಾಂಗೋದ ಎಣ್ಣೆಯಿಂದ ಮಾಡಿದ ಮೊದಲ ಸಾಬೂನನ್ನು 1912ರಲ್ಲಿ ದಂತದ ಪೆಟ್ಟಿಗೆಯಲ್ಲಿಟ್ಟು ಬೆಲ್ಜಿಯಂ ದೊರೆ ಆಲ್ಬರ್ಟ್‌ಗೆ ಅರ್ಪಿಸಲಾಯಿತು.

ಎಣ್ಣೆತಾಳೆಯ ಹಣ್ಣು ಗೊನೆಗಟ್ಟಿ ಮರದ ತುದಿಯಲ್ಲಿರುತ್ತದೆ. ಸೊಂಟಕ್ಕೂ ಮರಕ್ಕೂ ಹಗ್ಗದ ಬಳೆ ಹಾಕಿಕೊಂಡು ಹತ್ತಬೇಕು, ಮುಳ್ಳಿನ ನಡುವೆ ಕೈಹಾಕಿ ಗೊನೆ ಕಡಿಯಬೇಕು. ಜಾರಿದರೆ ಸಾವು. ಕಡಿದ ಗೊನೆಯನ್ನು ಹೊತ್ತು ತರುವುದು ಹೆಂಗಸರು ಮತ್ತು ಮಕ್ಕಳ ಪಾಲಿಗೆ ಬರುತ್ತಿತ್ತು. ಅಷ್ಟು ಅಪಾಯದ ಕೆಲಸಕ್ಕೆ ಅಷ್ಟು ಕಡಿಮೆ ಕೂಲಿಗೆ ಯಾರು ತಾವಾಗಿ ಬರುತ್ತಾರೆ? ಬರಲಿಲ್ಲ. ಆಗ ಸರ್ಕಾರ ತಲೆಗಂದಾಯ ವಿಧಿಸಿತು. ಕಂದಾಯವನ್ನು ನಗದಿನಲ್ಲೇ ಕಟ್ಟಬೇಕು, ನಗದು ಸಿಗುವುದು ಕಂಪನಿಯ ಬಳಿ. ಹಳ್ಳಿಯ ಮುಖಂಡರ ಮೇಲೆ ಇಂತಿಷ್ಟು ಆಳು ಕಳಿಸಬೇಕೆಂಬ ಒತ್ತಡ, ತಪ್ಪಿದರೆ ಜೈಲು, ನೀರಾನೆಯ ತೊಗಲಿನ ಚಾವಟಿ. ಕಂಪನಿಯ ವಲಯದೊಳಗೆ ಹಣ್ಣನ್ನು ಬೇರೆಯವರಿಗೆ ಮಾರುವಂತೆಯೂ ಇರಲಿಲ್ಲ. ಝೂಲ್ ಮಾರ್ಶಲ್ ಎಂಬ ಬೆಲ್ಜಿಯಂ ರಾಜತಂತ್ರಜ್ಞ ನಿವೃತ್ತಿಯ ನಂತರ ತನ್ನದೇ ಸರ್ಕಾರದ ಹಳೆಯ ಕಡತಗಳನ್ನು ಜಾಲಾಡಿ, ಅಧಿಕಾರಿಗಳೂ ವೈದ್ಯರೂ ಬರೆದಿಟ್ಟ ವರದಿಗಳಿಂದಲೇ ಈ ಬಲವಂತದ ದುಡಿಮೆಯ ಕತೆಯನ್ನು ಹೊರತೆಗೆದ. ಅವನ ಪುಸ್ತಕ ಫ್ರೆಂಚಿನಲ್ಲಿ 2001ರಲ್ಲಿ, ಇಂಗ್ಲಿಷಿನಲ್ಲಿ 2008ರಲ್ಲಿ ಬಂತು.

ಲೀವರ್‌ಹ್ಯೂಮ್ ಕಾಂಗೋಗೆ 1912-13ರಲ್ಲಿ ಒಮ್ಮೆ, 1924-25ರಲ್ಲಿ ಇನ್ನೊಮ್ಮೆ ಹೋಗಿಬಂದ. ಎರಡನೆಯ ಸಲ ಮರಳಿದ ಕೆಲವೇ ವಾರಗಳಲ್ಲಿ ನ್ಯುಮೋನಿಯ ತಗುಲಿ 1925ರ ಮೇ 7ರಂದು ಸತ್ತ. ಆರು ವರ್ಷಗಳ ನಂತರ ಜಾಗತಿಕ ಆರ್ಥಿಕ ಕುಸಿತ ಕಾಂಗೋ ಕಾಡನ್ನೂ ಮುಟ್ಟಿತು. ಹಣ್ಣಿಗೆ ಕೊಡುವ ಬೆಲೆ ಇಳಿಯಿತು, ಕಂದಾಯ ಇಳಿಯಲಿಲ್ಲ. 1931ರಲ್ಲಿ ಕ್ವಿಲು ಪ್ರದೇಶದ ಪೆಂಡೆ ಜನ ಬಂಡೆದ್ದರು. ಮ್ಯಾಕ್ಸಿಮಿಲಿಯನ್ ಬಾಲೋ ಎಂಬ ಬೆಲ್ಜಿಯಂ ಅಧಿಕಾರಿ ಕೊಲೆಯಾದ. ಬಂಡಾಯ ಅಡಗಿಸುವಾಗ ಸತ್ತ ಪೆಂಡೆಗಳು 500ಕ್ಕೂ ಹೆಚ್ಚು.

ಈಗ ಮೂರು ಊರುಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಪೋರ್ಟ್ ಸನ್‌ಲೈಟಿನ ಲೀವರ್ ಒಳ್ಳೆಯವನು, ಲೀವರ್‌ವಿಲ್ಲಿನ ಲೀವರ್ ಕೆಟ್ಟವನು ಎಂದು ಒಬ್ಬನನ್ನು ಎರಡಾಗಿ ಸೀಳುವುದು ಸುಲಭ. ನಮಗೆ ಹಾಗೆ ಕಾಣುವುದಿಲ್ಲ. ಮೂರು ಕಡೆಯೂ ಇದ್ದವನು ಅದೇ ಮನುಷ್ಯ. ನಿಮ್ಮ ಒಳಿತು ನನಗೆ ಗೊತ್ತು ಎಂಬ ಅದೇ ಮಾತನ್ನು ಮೂರು ಕಡೆಯೂ ಆಡಿದ. ಕಾಂಗೋದಲ್ಲೂ ಶಾಲೆ, ಆಸ್ಪತ್ರೆ ಕಟ್ಟಿಸುತ್ತಿದ್ದೇನೆ ಎಂದು ಅವನು ನಂಬಿದ್ದಿರಬೇಕು. ಬದಲಾದದ್ದು ಅವನ ಹೃದಯವಲ್ಲ, ಎದುರಿಗೆ ನಿಂತವರ ಕೈಯಲ್ಲಿದ್ದ ಬಲ. ಬೋಲ್ಟನ್ನಿನ ಕೆಲಸಗಾರನಿಗೆ ಸಂಘವಿತ್ತು, ಪತ್ರಿಕೆಯಿತ್ತು, ಮತವಿತ್ತು. ಲೂಯಿಸ್ ದ್ವೀಪದವನಿಗೆ ಯುದ್ಧದಲ್ಲಿ ರಕ್ತ ಕೊಟ್ಟ ಋಣವಿತ್ತು, ಬೇಡ ಎನ್ನುವ ಗೇಲಿಕ್ ನಾಲಿಗೆಯಿತ್ತು. ನೈಜೀರಿಯದಲ್ಲಿ ವಸಾಹತು ಸರ್ಕಾರವೇ ತನ್ನ ಲೆಕ್ಕಾಚಾರಕ್ಕೆ ಬೇಡವೆಂದಿತು. ಕಾಂಗೋದವನು ಬೇಡ ಎಂದರೆ ಚಾವಟಿ ಬಂತು. ಬೇಡ ಎನ್ನಬಲ್ಲವರ ಮುಂದೆ ದಾನಿಯ ದೊಡ್ಡತನ ಹಿಡಿತದಲ್ಲಿರುತ್ತದೆ. ಬೇಡ ಎನ್ನಲಾಗದವರ ಮುಂದೆ ಅದೇ ದೊಡ್ಡತನ ಯಜಮಾನಿಕೆಯಾಗುತ್ತದೆ. ದಯೆಗೂ ಹಕ್ಕಿಗೂ ಇರುವ ಅಂತರ ಇಷ್ಟೇ. ಆದರೆ ಈ ಅಂತರದಲ್ಲಿ ಜನ ಸಾಯುತ್ತಾರೆ.

ಹೆಸರಿನ ಮುಂದಿನ ಪಯಣ ನಮಗೆ ಗೊತ್ತಿರುವುದೇ. ಹಾಲೆಂಡಿನ ಊಸ್ ಪಟ್ಟಣದ ಯೂರ್ಗೆನ್ಸ್ ಮತ್ತು ವಾನ್ ಡೆನ್ ಬರ್ಗ್ ಎಂಬ ಬೆಣ್ಣೆ ವ್ಯಾಪಾರದ ಮನೆತನಗಳು ಸೇರಿ ಕಟ್ಟಿದ್ದ ಮಾರ್ಗರೀನ್ ಯೂನಿ ಕಂಪನಿಯೊಂದಿಗೆ 1929ರಲ್ಲಿ ಲೀವರ್ ಬ್ರದರ್ಸ್ ಕೂಡಿಕೊಂಡಿತು. ಯೂನಿ ಮತ್ತು ಲೀವರ್ ಸೇರಿ ಯೂನಿಲೀವರ್ ಆಯಿತು. ಸನ್‌ಲೈಟಿನ ಪೆಟ್ಟಿಗೆಗಳು 1888ರಲ್ಲೇ ಕೊಲ್ಕತ್ತದ ಬಂದರಿಗೆ ಇಳಿದಿದ್ದವು. 1895ರಲ್ಲಿ ಲೈಫ್‌ಬಾಯ್ ಬಂತು. 1933ರಲ್ಲಿ ಲೀವರ್ ಬ್ರದರ್ಸ್ ಇಂಡಿಯಾ ಹುಟ್ಟಿತು, ಮರುವರ್ಷ ಮುಂಬಯಿಯ ಸೇವ್ರಿಯಲ್ಲಿ ಕಾರ್ಖಾನೆ ಶುರುವಾಯಿತು. 1956ರಲ್ಲಿ ಮೂರು ಕಂಪನಿಗಳು ಸೇರಿ ಹಿಂದೂಸ್ತಾನ್ ಲೀವರ್ ಆಯಿತು. 1961ರಲ್ಲಿ ಪ್ರಕಾಶ್ ಟಂಡನ್ ಅದರ ಮೊದಲ ಭಾರತೀಯ ಅಧ್ಯಕ್ಷರಾದರು. ಈ ನಡುವೆ ಸಾಬೂನಿನ ವಿದ್ಯೆ ಬೇರೆ ದಾರಿಯಲ್ಲೂ ಬಂತು. ಮೈಸೂರು ಸಂಸ್ಥಾನ ತನ್ನ ಗಂಧದೆಣ್ಣೆಯಿಂದ ತಾನೇ ಸಾಬೂನು ಮಾಡಲು ನಿರ್ಧರಿಸಿದಾಗ ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಕಲಿತು ಬಂದರು. ಆ ಸಾಬೂನಿಗೆ ಯಾವ ಮನೆತನದ ಹೆಸರೂ ಬೀಳಲಿಲ್ಲ, ನಾಡಿನ ಹೆಸರು ಬಿತ್ತು.

2000ನೇ ಇಸವಿಯ ಜುಲೈಯಲ್ಲಿ ಮೂರನೆಯ ಲಾರ್ಡ್ ಲೀವರ್‌ಹ್ಯೂಮ್ ತೀರಿಕೊಂಡಾಗ ಗಂಡು ಸಂತಾನವಿಲ್ಲದೆ ಆ ಪದವಿ ಮುಗಿಯಿತು. ಮೂವರು ಹೆಣ್ಣುಮಕ್ಕಳಿದ್ದರೂ ಬಿರುದು ಅವರಿಗೆ ಸಲ್ಲುವ ಹಾಗಿರಲಿಲ್ಲ. ಹೆಂಡತಿಯ ಹೆಸರನ್ನು ಪ್ರೀತಿಯಿಂದ ಸೇರಿಸಿ ಕಟ್ಟಿದ ಬಿರುದು ಹೆಣ್ಣುಮಕ್ಕಳ ಬಳಿ ಬಂದು ನಿಂತುಹೋಯಿತು. 2007ರಲ್ಲಿ ಹಿಂದೂಸ್ತಾನ್ ಲೀವರ್ ಕೂಡ ಹಿಂದೂಸ್ತಾನ್ ಯೂನಿಲೀವರ್ ಆಗಿ ಹಳೆಯ ಹೆಸರು ಇನ್ನೊಂದು ಪದದೊಳಗೆ ಅಡಗಿತು. ಕಾಂಗೋದ ತೋಟಗಳನ್ನು ಕಂಪನಿ 2009ರಲ್ಲಿ ಮಾರಿತು. ಲೀವರ್‌ವಿಲ್ ಸ್ವಾತಂತ್ರ್ಯದ ನಂತರ ತನ್ನ ಹಳೆಯ ಹೆಸರನ್ನು ಮರಳಿ ಪಡೆದು ಲುಸಾಂಗಾ ಆಯಿತು.

ಆ ಲುಸಾಂಗಾದಲ್ಲಿ ಈಗ ತೋಟದ ಕೆಲಸಗಾರರದೇ ಒಂದು ಕಲಾವಿದರ ಕೂಟವಿದೆ. ಮಣ್ಣಿನಲ್ಲಿ ಮೂರ್ತಿ ಮಾಡುತ್ತಾರೆ. ಅವುಗಳ ಅಚ್ಚನ್ನು ಕೋಕೋ, ತಾಳೆ ಎಣ್ಣೆಗಳಲ್ಲಿ ಎರಕ ಹೊಯ್ದು ಹೊರದೇಶದಲ್ಲಿ ಮಾರುತ್ತಾರೆ. 2017ರಲ್ಲಿ ಅಲ್ಲಿ ಒಂದು ಬಿಳಿಯ ಕಲಾಶಾಲೆ ಎದ್ದಿತು. ಬಂದ ಹಣದಿಂದ ತಮ್ಮ ಅಜ್ಜಂದಿರ ನೆಲವನ್ನು ಸ್ವಲ್ಪಸ್ವಲ್ಪವೇ ಮರಳಿ ಕೊಂಡು ಅಲ್ಲಿ ಮತ್ತೆ ಕಾಡು ಬೆಳೆಸುತ್ತಿದ್ದಾರೆ. 1931ರಲ್ಲಿ ಪೆಂಡೆ ಶಿಲ್ಪಿಯೊಬ್ಬ ಸತ್ತ ಅಧಿಕಾರಿ ಬಾಲೋನ ರೂಪವನ್ನು ಮರದಲ್ಲಿ ಕೆತ್ತಿದ್ದ; ಅವನ ಸಿಟ್ಟಿನ ಆತ್ಮ ಹಿಡಿತದಲ್ಲಿರಲೆಂದು. ಆ ಮೂರ್ತಿ ಅಮೆರಿಕದ ವರ್ಜೀನಿಯ ವಸ್ತುಸಂಗ್ರಹಾಲಯದ ಪಾಲಾಗಿತ್ತು. 2024ರಲ್ಲಿ ವೆನಿಸ್ಸಿನ ಕಲಾಮೇಳದಲ್ಲಿ ಹಾಲೆಂಡಿನ ಮಂಟಪ ಈ ಕೂಟದ ಕಲೆಗೆ ಮೀಸಲಾದಾಗ ಆ ಮೂರ್ತಿಯನ್ನು ಕೆಲವು ತಿಂಗಳ ಮಟ್ಟಿಗೆ ಸಾಲವಾಗಿ ಲುಸಾಂಗಾಕ್ಕೆ ಕಳಿಸಿಕೊಟ್ಟರು. ತಮ್ಮದೇ ಅಜ್ಜ ಕೆತ್ತಿದ ಮೂರ್ತಿಯನ್ನು ಊರಿನವರು ಸಾಲ ತಂದು ನೋಡಬೇಕಾಯಿತು.

ಪೋರ್ಟ್ ಸನ್‌ಲೈಟಿನ ಚಿತ್ರಶಾಲೆಗೆ ಹೋದವರು ಗೋಡೆಯ ಮೇಲಿನ ದಾನಿಯ ಹೆಸರನ್ನು ಓದಬಹುದು. ಆ ಗೋಡೆಗೆ ಬೇಕಾದ ಎಣ್ಣೆಯ ಗೊನೆ ಇಳಿಸಿ ಮರದಿಂದ ಬಿದ್ದವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಲುಸಾಂಗಾದವರು ಈಗ ತಮ್ಮ ಮೂರ್ತಿಗಳ ಕೆಳಗೆ ತಮ್ಮ ಹೆಸರನ್ನು ತಾವೇ ಬರೆಯುತ್ತಿದ್ದಾರೆ.